ನಾಣ್ಯದ ಜಾದೂ: ಯಾರ ಮುಂದೆ ಯಾವ ಆಟ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಐದು ವರ್ಷಗಳಿಂದ ನಾಣ್ಯದ ಜಾದೂ ಅಭ್ಯಾಸ ಮಾಡುತ್ತಿದ್ದೇನೆ. ಇಪ್ಪತ್ತಕ್ಕೂ ಹೆಚ್ಚು ಆಟಗಳು ಕೈಗೆ ಹತ್ತಿವೆ. ಮುಂದಿನ ತಿಂಗಳು ನೌಕರರ ಕುಟುಂಬ ಸಮ್ಮಿಲನದಲ್ಲಿ ಸುಮಾರು 150 ಜನರ ಮುಂದೆ ಹನ್ನೆರಡು ನಿಮಿಷಗಳ ಅವಕಾಶ ಸಿಕ್ಕಿದೆ. ನಾಲ್ಕು ಇಸ್ಪೀಟು ಎಲೆಗಳ ಕೆಳಗಿರುವ ನಾಲ್ಕು ನಾಣ್ಯಗಳು ಒಂದೊಂದಾಗಿ ಒಂದೇ ಎಲೆಯ ಕೆಳಗೆ ಸೇರುವ ಆಟ ನನಗೆ ಬಹಳ ಇಷ್ಟ. ಅದರಿಂದಲೇ ಆರಂಭಿಸಬಹುದೇ? ಜೊತೆಗೆ ಇನ್ನಾವ ಆಟಗಳನ್ನು ಆರಿಸಿಕೊಳ್ಳಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಮೆಚ್ಚಿರುವ ಆಟ ನನಗೂ ಅಚ್ಚುಮೆಚ್ಚಿನದು. ಅಮೆರಿಕದ ಅಲ್ ಷ್ನೈಡರ್ 1970ರಲ್ಲಿ ‘ಮ್ಯಾಟ್ರಿಕ್ಸ್’ ಎಂಬ ಹೆಸರಿನಲ್ಲಿ ಅದಕ್ಕೆ ಕೊಟ್ಟ ರೂಪವನ್ನೇ ಇಂದು ಜಗತ್ತಿನ ಬಹುಪಾಲು ಜಾದೂಗಾರರು ಆಡುತ್ತಾರೆ. ಆದರೂ ನಿಮ್ಮ ವೇದಿಕೆಗೆ ಅದು ಬೇಡವೆಂದೇ ಹೇಳುತ್ತೇನೆ. ಆ ಆಟದ ಸೊಗಸೆಲ್ಲ ಮೇಜಿನ ಮೇಲೆ ಮಲಗಿರುತ್ತದೆ. ಮೇಜಿನ ಸುತ್ತ ಕುಳಿತು ಮೇಲಿನಿಂದ ನೋಡುವವರಿಗೆ ಮಾತ್ರ ನಾಲ್ಕು ಮೂಲೆಗಳೂ ಒಟ್ಟಿಗೆ ಕಾಣುತ್ತವೆ. ವೇದಿಕೆಯ ಕೆಳಗೆ ಕುಳಿತವರಿಗೆ ಕಾಣುವುದು ಮೇಜಿನ ಅಂಚು ಮತ್ತು ಬಾಗಿದ ನಿಮ್ಮ ತಲೆ. ಬಹಳ ವರ್ಷಗಳ ಹಿಂದೆ ಒಂದು ವಾರ್ಷಿಕೋತ್ಸವದಲ್ಲಿ ನಾನು ಇದನ್ನೇ ಆಡಿದೆ. ಕೈ ಎಲ್ಲಿಯೂ ತಪ್ಪಲಿಲ್ಲ, ಆದರೆ ಮೂರನೆಯ ಸಾಲಿನಿಂದ ಹಿಂದಿದ್ದವರು ಎರಡನೆಯ ನಾಣ್ಯ ಸೇರುವ ಹೊತ್ತಿಗೆ ತಮ್ಮತಮ್ಮಲ್ಲೇ ಮಾತಿಗೆ ತೊಡಗಿದ್ದರು. ಅಂದಿನಿಂದ ಆಟವನ್ನು ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು, ಕೊನೆಯ ಸಾಲಿನಲ್ಲಿ ಕುಳಿತವರಿಗೆ ಇದರಲ್ಲಿ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದನ್ನೇ. ಆಟ ಎಷ್ಟು ಕಷ್ಟದ್ದು ಎಂಬುದು ನೋಡುವವರಿಗೆ ಸಂಬಂಧಿಸಿದ್ದಲ್ಲ.

ಆ ಲೆಕ್ಕದಲ್ಲಿ ‘ಜಿಪುಣನ ಕನಸು’ ಎಂಬ ಹಳೆಯ ಆಟಕ್ಕೆ ಸಮನಾದದ್ದು ನಾಣ್ಯದ ಜಾದೂವಿನಲ್ಲಿ ಮತ್ತೊಂದಿಲ್ಲ. ಜಾದೂಗಾರ ಬರಿಗಾಳಿಯಿಂದ ನಾಣ್ಯವೊಂದನ್ನು ಹಿಡಿಯುತ್ತಾನೆ, ಪಾತ್ರೆಗೆ ಹಾಕುತ್ತಾನೆ, ಟಣ್ ಎಂಬ ಸದ್ದು ಕೇಳಿಸುತ್ತದೆ, ಮತ್ತೊಂದು, ಮಗದೊಂದು. ಇದನ್ನು ಲೋಕಪ್ರಸಿದ್ಧಗೊಳಿಸಿದವರು ಅಮೆರಿಕದ ಅಯೋವಾ ರಾಜ್ಯದ ಟಿ. ನೆಲ್ಸನ್ ಡೌನ್ಸ್ (1867–1938). ರೈಲ್ವೆಯಲ್ಲಿ ತಂತಿ ಕಳುಹಿಸುವ ನೌಕರರಾಗಿದ್ದ ಅವರು ಮುಂದೆ ‘ನಾಣ್ಯಗಳ ದೊರೆ’ ಎಂಬ ಬಿರುದಿನಿಂದ ಲಂಡನ್ನಿನ ದೊಡ್ಡ ರಂಗಮಂದಿರಗಳಲ್ಲಿ ಇದನ್ನು ಆಡಿ ಹೆಸರಾದರು. ಅಷ್ಟು ದೊಡ್ಡ ಮಂದಿರಗಳಲ್ಲಿ ಇಷ್ಟು ಚಿಕ್ಕ ವಸ್ತು ಸಲ್ಲಲು ಕಾರಣಗಳಿವೆ. ಕೈ ತಲೆಯ ಎತ್ತರದಲ್ಲಿರುವುದರಿಂದ ಯಾರ ನೋಟಕ್ಕೂ ಅಡ್ಡಿಯಿಲ್ಲ; ಕಣ್ಣಿಗೆ ನಾಣ್ಯ ಮಸುಕಾದರೂ ಕಿವಿ ಅದನ್ನು ಎಣಿಸಿಕೊಳ್ಳುತ್ತದೆ; ಕಥೆ ಹೇಳಿ ಅರ್ಥ ಮಾಡಿಸಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಗಾಳಿಯಲ್ಲಿ ದುಡ್ಡು ಸಿಗುವುದೆಂದರೆ ಏನೆಂದು ಮಗುವಿಗೂ ಗೊತ್ತು. ಇದರಿಂದಲೇ ಆರಂಭಿಸಿ. ಪ್ಲಾಸ್ಟಿಕ್ ಪಾತ್ರೆ ಖಂಡಿತ ಬೇಡ; ಹಿತ್ತಾಳೆಯ ಪಾತ್ರೆ ಅಥವಾ ಸ್ಟೀಲಿನ ಚಿಕ್ಕ ಬಕೆಟ್ ಇರಲಿ. ಕೊನೆಯ ನಾಲ್ಕೈದು ನಾಣ್ಯಗಳಿಗೆ ವೇದಿಕೆಯಿಂದ ಕೆಳಗಿಳಿದು, ಮಕ್ಕಳ ಕಿವಿಯ ಹಿಂದಿನಿಂದ, ಹಿರಿಯರೊಬ್ಬರ ಮೊಣಕೈಯಿಂದ ಅವನ್ನು ತೆಗೆಯಿರಿ. ನಾಣ್ಯ ನೋಡಲು ಸಿಗದವರಿಗೂ ಆ ಮಗುವಿನ ಮುಖ ಕಾಣುತ್ತದೆ.

ಎರಡನೆಯದಾಗಿ, ಒಂದು ಕೈಯಿಂದ ಇನ್ನೊಂದು ಕೈಗೆ ನಾಣ್ಯಗಳು ಹಾರುವ ಆಟವನ್ನು ಆರಿಸಿಕೊಳ್ಳಬಹುದು, ಆದರೆ ಆ ಇನ್ನೊಂದು ಕೈ ನಿಮ್ಮದಾಗಿರಬಾರದು. ಸಭೆಯಿಂದ ಒಬ್ಬರನ್ನು ಕರೆದು, ಅವರೇ ಗಟ್ಟಿಯಾಗಿ ಎಣಿಸಿ ಮುಷ್ಟಿಯಲ್ಲಿ ಹಿಡಿದುಕೊಳ್ಳಲಿ. ನಂತರ ಮುಷ್ಟಿ ಬಿಚ್ಚಿದಾಗ ಎಣಿಕೆ ಹೆಚ್ಚಾಗಿದ್ದರೆ ಅದನ್ನೂ ಅವರೇ ಘೋಷಿಸಲಿ. ಕರೆದವರನ್ನು ಗೌರವದಿಂದ ನಡೆಸಿಕೊಳ್ಳುವುದು ಇಲ್ಲಿ ಬಹಳ ಮುಖ್ಯ. ಸಹೋದ್ಯೋಗಿಗಳ ಎದುರು ಅವರನ್ನು ಪೆದ್ದರನ್ನಾಗಿಸಿದರೆ ಆ ಕ್ಷಣಕ್ಕೆ ನಗು ಸಿಗಬಹುದು, ಆದರೆ ಆ ಬಳಿಕ ಯಾರೂ ಮನಃಪೂರ್ವಕವಾಗಿ ವೇದಿಕೆ ಹತ್ತುವುದಿಲ್ಲ.

ಕೊನೆಗೆ, ಎರವಲು ಪಡೆದ ನಾಣ್ಯಕ್ಕೆ ಗುರುತು ಹಾಕಿಸಿ, ಅದನ್ನು ಮಾಯ ಮಾಡಿ, ಆರಂಭದಿಂದಲೂ ಗಾಜಿನ ಲೋಟದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಉಣ್ಣೆಯ ಉಂಡೆಯೊಳಗಿಂದ ತೆಗೆಯುವ ಆಟ. ಎಳೆ ಬಿಚ್ಚುತ್ತಾ ಹೋದಂತೆ ಸಭೆಯ ಕುತೂಹಲ ತಾನಾಗಿ ಏರುತ್ತದೆ, ನಾಣ್ಯ ಲೋಟದೊಳಗೆ ಬಿದ್ದ ಸದ್ದಿಗೆ ಆಟ ಮುಗಿಯುತ್ತದೆ. ಗುರುತನ್ನು ಅಳಿಸಿಹೋಗದ ಮಾರ್ಕರ್ ಪೆನ್ನಿನಿಂದಲೇ ಹಾಕಿಸಿ, ಶಾಯಿ ಒಣಗುವವರೆಗೆ ಕಾಯಿರಿ. ಬೆವರಿದ ಕೈಯಲ್ಲಿ ಹಸಿ ಗುರುತು ಉಳಿಯುವುದಿಲ್ಲ. ಎರವಲಿಗೆ ಹತ್ತು ರೂಪಾಯಿಯ ನಾಣ್ಯ ಒಳ್ಳೆಯದು. ಅದು ಚಲಾವಣೆಯಲ್ಲಿಲ್ಲ ಎಂಬ ಸುಳ್ಳು ಸುದ್ದಿಯನ್ನು ಇಂದಿಗೂ ನಂಬುವವರಿದ್ದಾರೆ. ಅದರ 14 ವಿನ್ಯಾಸಗಳೂ ಮಾನ್ಯವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಸ್ಪಷ್ಟಪಡಿಸಿದೆ. ಬ್ಯಾಂಕಿನವರಾದ ನೀವು ಆ ಮಾತನ್ನು ಅಲ್ಲಿಯೇ ಹೇಳಿದರೆ ಎರಡು ಕೆಲಸ ಒಟ್ಟಿಗೆ ಆದಂತೆ. ಇಷ್ಟೊಂದು ವಿನ್ಯಾಸಗಳಿರುವುದರಿಂದ, ಎರಡನೆಯ ಆಟಕ್ಕೆ ನೀವೇ ನಾಣ್ಯಗಳನ್ನು ಒಯ್ಯುವಾಗ ಎಲ್ಲವೂ ಒಂದೇ ವಿನ್ಯಾಸದ, ಒಂದೇ ವರ್ಷದ ನಾಣ್ಯಗಳಾಗಿರುವಂತೆ ನೋಡಿಕೊಳ್ಳಿ.

ಹನ್ನೆರಡು ನಿಮಿಷಕ್ಕೆ ಈ ಮೂರು ಆಟಗಳು ಧಾರಾಳ. ಎರಡು ಎಚ್ಚರಿಕೆಗಳನ್ನು ಮಾತ್ರ ಸೇರಿಸುತ್ತೇನೆ. ಕೈಯಲ್ಲಿ ಹಿಡಿಯುವ ಮೈಕ್ ಇದ್ದರೆ ನಾಣ್ಯದ ಆಟ ನಡೆಯುವುದಿಲ್ಲ, ಕಾಲರ್ ಮೈಕ್ ಬೇಕೆಂದು ಸಂಘಟಕರಿಗೆ ಈಗಲೇ ತಿಳಿಸಿ. ಹಿಂದಿನ ದಿನ ಸಭಾಂಗಣಕ್ಕೆ ಹೋಗಿ, ಮೊದಲ ಸಾಲಿನ ಎರಡೂ ತುದಿಗಳಲ್ಲಿ ಸ್ನೇಹಿತರನ್ನು ಕೂರಿಸಿ ಒಮ್ಮೆ ಪೂರ್ತಿಯಾಗಿ ಆಡಿ; ಅಂಗೈಯ ಹಿಂದೆ ಅಡಗಿದ್ದು ಮೊದಲು ಕಾಣುವುದು ಆ ತುದಿಗಳಲ್ಲಿ ಕುಳಿತವರಿಗೇ. ನಿಮ್ಮ ಮೆಚ್ಚಿನ ಆಟವನ್ನು ಊಟದ ನಂತರ, ಐದಾರು ಜನ ಮೇಜಿನ ಸುತ್ತ ಸೇರಿದಾಗ ಹೊರತೆಗೆಯಿರಿ.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳು ಪುಸ್ತಕ ನೋಡಿ ನಾಣ್ಯದ ಕೈಚಳಕ ಕಲಿಯುತ್ತಿದ್ದಾಳೆ. ಅಂಗೈಯಲ್ಲಿ ನಾಣ್ಯವನ್ನು ಅಡಗಿಸಿ ಹಿಡಿಯಲು ಹೋದರೆ ಜಾರಿ ಬೀಳುತ್ತದೆ. ಅವಳ ಕೈ ಚಿಕ್ಕದೆಂದು ಬಿಟ್ಟುಬಿಡಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಬಿಡಿಸಬೇಡಿ. ತೊಂದರೆ ಮಗುವಿನ ಕೈಯಲ್ಲಿಲ್ಲ, ನಾಣ್ಯದ ಅಳತೆಯಲ್ಲಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಹೆಚ್ಚಿನವು ಅಮೆರಿಕದ ಅರ್ಧ ಡಾಲರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅದರ ವ್ಯಾಸ 30.6 ಮಿ.ಮೀ., ತೂಕ 11.34 ಗ್ರಾಂ. ಬ್ರಿಟಿಷರ ಕಾಲದ ನಮ್ಮ ಬೆಳ್ಳಿ ರೂಪಾಯಿ ಹೆಚ್ಚು ಕಡಿಮೆ ಅದೇ ಅಳತೆಯದು, ತೂಕ 11.66 ಗ್ರಾಂ. ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದ್ದಿದ್ದರೆ ಅವಳು ದೊಡ್ಡವಳಾದ ಮೇಲೆ ಬಳಸಲು ಜೋಪಾನವಾಗಿಡಿ. ಈಗಿನ ಹತ್ತು ರೂಪಾಯಿ 27 ಮಿ.ಮೀ., ಐದು ರೂಪಾಯಿ ವಿನ್ಯಾಸಕ್ಕೆ ತಕ್ಕಂತೆ 23 ಅಥವಾ 25 ಮಿ.ಮೀ. ಸದ್ಯಕ್ಕೆ ಅವಳು ಐದು ರೂಪಾಯಿಯಿಂದ ಆರಂಭಿಸಲಿ. 20 ರೂಪಾಯಿಯ ನಾಣ್ಯ ಬೇಡ. ಹನ್ನೆರಡು ಮೂಲೆಗಳ ಅದು ಎಳೆಯ ಅಂಗೈಯಲ್ಲಿ ಸರಿಯಾಗಿ ಕೂರುವುದಿಲ್ಲ.

ಅಂಗೈಯ ನಡುವೆ ಹಿಡಿಯುವ ವಿದ್ಯೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಬುಡದಲ್ಲಿ ನಾಣ್ಯವನ್ನು ಸಡಿಲವಾಗಿ ಹಿಡಿಯುವುದನ್ನು ಮೊದಲು ಕಲಿಸಿ. ಬೆರಳುಗಳು ಸಹಜವಾಗಿ ಬಾಗಿರುವಂತೆಯೇ ಅಲ್ಲಿ ನಾಣ್ಯ ನಿಲ್ಲುತ್ತದೆ. ಆ ಒಂದು ಹಿಡಿತದಿಂದಲೇ ಮಾಯ ಮಾಡುವುದು, ಕಿವಿಯ ಹಿಂದಿನಿಂದ ತೆಗೆಯುವುದು, ಒಂದನ್ನು ಎರಡಾಗಿಸುವುದು ಮೂರೂ ಸಾಧ್ಯ, ಮನೆಮಂದಿಯ ಮುಂದೆ ಆಡಲು ಅಷ್ಟು ಸಾಕು. ನಾಣ್ಯ ಅಡಗಿರುವ ಕೈಯನ್ನು ಅವಳು ಒಮ್ಮೆಯೂ ನೋಡದೆ, ನಾಣ್ಯ ಇದೆಯೆಂದು ತೋರಿಸುವ ಕೈಯನ್ನೇ ನೋಡುವುದನ್ನು ರೂಢಿ ಮಾಡಿಕೊಳ್ಳಲಿ. ಬೆರಳಿನ ಚುರುಕಿಗಿಂತ ಹೆಚ್ಚಿನ ಕೆಲಸವನ್ನು ಈ ನೋಟ ಮಾಡುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅಭ್ಯಾಸ ಮುಗಿದ ಕೂಡಲೇ ನಾಣ್ಯಗಳನ್ನು ಎಣಿಸಿ ಎತ್ತಿಡುವ ಶಿಸ್ತನ್ನೂ ಕಲಿಸಿ, ಏಕೆಂದರೆ ಅವು ಬಾಯಿಗೆ ಹೋದರೆ ಅಪಾಯ.

ಪ್ರಶ್ನೆ: ವಿಶೇಷವಾಗಿ ತಯಾರಿಸಿದ ಜಾದೂ ನಾಣ್ಯಗಳನ್ನು ಬಳಸುವುದು ಸರಿಯೇ? ನಮ್ಮ ನಾಣ್ಯಗಳನ್ನೇ ಲೇತ್‌ನಲ್ಲಿ ಕೊಯ್ದು ಅಂಥವನ್ನು ಮಾಡಿಸಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಳಸುವುದರಲ್ಲಿ ತಪ್ಪಿಲ್ಲ, ನೋಡುವವರಿಗೆ ಬೇಕಾದದ್ದು ವಿಸ್ಮಯ. ಆದರೆ ವಿದೇಶಿ ನಾಣ್ಯದಿಂದ ಮಾಡಿದ ಸಾಧನವನ್ನು ತೋರಿಸಿದ ಕೂಡಲೇ ನಮ್ಮ ಜನರ ಅನುಮಾನ ಆ ನಾಣ್ಯದ ಮೇಲೆಯೇ ಹೋಗುತ್ತದೆ, ಅದು ನಿಮ್ಮ ಕೈಗೆ ಹೇಗೆ ಬಂತೆಂದು ಮೊದಲೇ ಒಂದು ಮಾತಿನಲ್ಲಿ ಹೇಳಿಬಿಡಿ. ಚಲಾವಣೆಯಲ್ಲಿರುವ ನಾಣ್ಯಗಳನ್ನು ಮಾತ್ರ ಕೊಯ್ಯಿಸಬೇಡಿ: 2011ರ ನಾಣ್ಯ ಕಾಯ್ದೆಯು ನಾಣ್ಯಗಳನ್ನು ಕರಗಿಸುವುದನ್ನೂ ನಾಶಪಡಿಸುವುದನ್ನೂ ನಿಷೇಧಿಸುತ್ತದೆ.