ಸ್ನೇಹಿತರ ಕುದುರೆಗಳಿಗೆ ಯಾವ ತಿನಿಸು ಒಯ್ಯಲಿ?

ಕುಣಿಗಲ್ ಬಳಿಯ ಸ್ನೇಹಿತರ ತೋಟಕ್ಕೆ ಮಕ್ಕಳೊಂದಿಗೆ ಹೊರಟಿದ್ದೀರಿ, ಅಲ್ಲಿ ಎರಡು ಕುದುರೆಗಳಿವೆ, ಬರಿಗೈಯಲ್ಲಿ ಹೋಗಲು ಮಕ್ಕಳು ಒಪ್ಪುತ್ತಿಲ್ಲ, ಸಿಹಿ ಅಂಗಡಿಯಲ್ಲಿ ಏನು ಕೊಳ್ಳಬಹುದು ಎಂದು ಕೇಳಿದ್ದೀರಿ. ಸಿಹಿ ಅಂಗಡಿಯನ್ನು ಬಿಟ್ಟುಬಿಡಿ. ಒಂದು ಹೊರೆ ಹಸಿ ಗರಿಕೆ ಹುಲ್ಲು ಒಯ್ಯಿರಿ.

ಉಡುಗೊರೆಗೆ ಹುಲ್ಲೇ ಎಂದು ನಿಮಗೆ ಅನಿಸಬಹುದು. ನಮ್ಮ ತಾತ ತುಮಕೂರಿನಲ್ಲಿ ಜಟಕಾ ಓಡಿಸುತ್ತಿದ್ದರು, ಈಗ ನಮ್ಮ ಮನೆಯಲ್ಲಿ ವಯಸ್ಸಾದ ಒಂದು ಹೆಣ್ಣು ಕುದುರೆ ಇದೆ. ಅದನ್ನು ದಿನವೂ ನೋಡುತ್ತಿರುವುದರಿಂದ ಹೇಳುತ್ತೇನೆ: ಬೆಲ್ಲದ ಚೂರು ಬಾಯಿಗೆ ಬಿದ್ದ ಕ್ಷಣದಲ್ಲೇ ಕರಗಿಹೋಗುತ್ತದೆ, ಹುಲ್ಲಿನ ಹೊರೆ ಬಹಳ ಹೊತ್ತು ಬಾಳುತ್ತದೆ. ಬಯಲಿಗೆ ಬಿಟ್ಟ ಕುದುರೆ ದಿನದ ಹೆಚ್ಚು ಪಾಲನ್ನು, 14ರಿಂದ 16 ಗಂಟೆಗಳವರೆಗೂ, ಮೇಯುತ್ತಲೇ ಕಳೆಯುತ್ತದೆ. ಅದರ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಿರುತ್ತದೆ. ಅದನ್ನು ತಣಿಸುವ ಜೊಲ್ಲು ಊರುವುದು ಮಾತ್ರ ಅಗಿಯುವಾಗ. ಅಗಿಯಲು ಏನೂ ಇಲ್ಲದೆ ಲಾಯದಲ್ಲಿ ನಿಂತ ಕುದುರೆಗೆ ಜಠರದಲ್ಲಿ ಹುಣ್ಣಾಗುತ್ತದೆ. ಅದಕ್ಕೇ ನಿಧಾನವಾಗಿ ತಿನ್ನುವಂಥದ್ದನ್ನು ಕೊಡಿ ಎನ್ನುತ್ತಿದ್ದೇನೆ. ಹಾಲು ಮಾರುವ ರೈತರ ಬಳಿ ಕುದುರೆ ಮೆಂತ್ಯ, ಅಂದರೆ ಲೂಸರ್ನ್ ಸೊಪ್ಪು, ಸಿಕ್ಕರೆ ಒಂದೆರಡು ಹಿಡಿ ಸೇರಿಸಬಹುದು. ಕುದುರೆಗಳಿಗೆ ಅದೆಂದರೆ ಪ್ರಾಣ.

ಗರಿಕೆಯನ್ನು ಕಳೆನಾಶಕ ಸಿಂಪಡಿಸಿದ ಬದುವಿನಿಂದ ಕೊಯ್ಯಬೇಡಿ. ಯಂತ್ರದಲ್ಲಿ ಕತ್ತರಿಸಿ ರಾಶಿ ಹಾಕಿದ ಉದ್ಯಾನದ ಹುಲ್ಲೂ ಬೇಡ. ಆ ಪುಡಿಹುಲ್ಲು ಬೇಗ ಬಿಸಿಯೇರಿ ಹುಳಿಯುತ್ತದೆ, ತಿಂದ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಎಂಬುದನ್ನು ಮಕ್ಕಳಿಗೂ ತಿಳಿಸಿಕೊಡಿ. ಒಳಗೆ ಹೋದ ಕೆಟ್ಟದ್ದನ್ನು ನಾಯಿಯ ಹಾಗೆ ಕಕ್ಕಿ ಹಗುರಾಗುವ ದಾರಿ ಅದಕ್ಕಿಲ್ಲ.

ಮಕ್ಕಳಿಗೆ ತಮ್ಮ ಕೈಯಾರೆ ಏನಾದರೂ ಕೊಡುವ ಆಸೆ ಇದ್ದೇ ಇರುತ್ತದೆ. ಅದಕ್ಕೆ ಕ್ಯಾರೆಟ್ ಇದೆ. ತುಮಕೂರಿನವರಾದರೆ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಒಂದು ಕಿಲೋ ಕೊಂಡರೆ ಎರಡು ಕುದುರೆಗಳಿಗೂ ಮಿಗುತ್ತದೆ. ಆದರೆ ಕತ್ತರಿಸುವ ಬಗೆ ಮುಖ್ಯ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ನೆಂಟರು ಪ್ರೀತಿಯಿಂದಲೇ ಕ್ಯಾರೆಟ್ಟನ್ನು ದಪ್ಪ ಬಿಲ್ಲೆಗಳಾಗಿ ಹೆಚ್ಚಿ ತಿನ್ನಿಸಿದರು. ಒಂದು ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡಿತು. ಕುದುರೆ ಕತ್ತು ಚಾಚಿ ಕೆಮ್ಮತೊಡಗಿತು, ಮೂಗಿನಿಂದ ಜೊಲ್ಲೂ ಅಗಿದ ಮೇವೂ ಇಳಿಯಿತು. ಉಸಿರಿನ ದಾರಿ ಬೇರೆಯಾದ್ದರಿಂದ ಉಸಿರಾಟ ನಿಂತಿರಲಿಲ್ಲ. ಮೇವು, ನೀರು ಎರಡನ್ನೂ ದೂರ ಇಟ್ಟು ಪಶುವೈದ್ಯರನ್ನು ಕರೆಸಿದೆವು. ಅವರು ಚುಚ್ಚುಮದ್ದು ಕೊಟ್ಟು, ಮೂಗಿನ ಮೂಲಕ ಕೊಳವೆ ಇಳಿಸಿ, ನೀರು ಹಾಯಿಸಿ ಅದನ್ನು ಸಡಿಲಿಸುವವರೆಗೆ ನನ್ನ ಕೈಕಾಲು ನಡುಗುತ್ತಲೇ ಇದ್ದವು. ಆದ್ದರಿಂದ ಬಿಲ್ಲೆ ಬೇಡವೇ ಬೇಡ. ಬೆರಳುದ್ದಕ್ಕೆ ತೆಳುವಾಗಿ ಸೀಳಿ. ಸೇಬನ್ನೂ ಹಾಗೆಯೇ ಸೀಳಿ ಕೊಡಿ.

ಬೆಲ್ಲ ವಿಷವಲ್ಲ. ದುಡಿಯುವ, ಆರೋಗ್ಯವಾಗಿರುವ ಕುದುರೆಗೆ ಹೆಬ್ಬೆರಳಿನಷ್ಟು ಚೂರು ಏನೂ ಮಾಡದು. ಆದರೆ ಬೊಜ್ಜು ಬಂದ ಕುದುರೆಗೆ, ಗೊರಸಿನ ಉರಿಯೂತ ಒಮ್ಮೆ ಬಂದುಹೋದ ಕುದುರೆಗೆ ಅಷ್ಟೂ ಬೇಡ. ಅಂಥ ಕುದುರೆಗೆ ಹಸಿ ಹುಲ್ಲನ್ನೂ ಅಳೆದೇ ಕೊಡಬೇಕು. ನೋಡಿದರೆ ನಿಮಗೆ ಗೊತ್ತಾಗುವುದಿಲ್ಲ, ಸಾಕಿದವರಿಗೆ ಗೊತ್ತಿರುತ್ತದೆ. ಹೊರಡುವ ಮುಂಚೆ ಸ್ನೇಹಿತರಿಗೆ ಒಂದು ಫೋನ್ ಮಾಡಿ. ಅವರಿಗೂ ಏನಾದರೂ ಕೊಡಬೇಕೆನಿಸಿದರೆ ಐದು ಕಿಲೋ ಹುರುಳಿ ಒಯ್ಯಿರಿ. ನಮ್ಮ ತಾತ ಅದನ್ನು ಬೇಯಿಸಿ ಹದವಾಗಿ ಕೊಡುತ್ತಿದ್ದರು. ಎಷ್ಟು, ಯಾವಾಗ ಎಂಬುದನ್ನು ಅವರೇ ನೋಡಿಕೊಳ್ಳಲಿ, ನೀವು ಗೋದಲಿಗೆ ಸುರಿಯಬೇಡಿ.

ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಆಲೂಗಡ್ಡೆ, ಬ್ರೆಡ್ಡು ಯಾವುದೂ ಬೇಡ. ಚಾಕೊಲೇಟ್ ಕೂಡದು, ಓಟದ ಕುದುರೆಯಾದರಂತೂ ಅದರಲ್ಲಿರುವ ಥಿಯೋಬ್ರೋಮಿನ್ ಮತ್ತು ಕೆಫೀನ್ ನಿಷೇಧಿತ ಪದಾರ್ಥಗಳು, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಇನ್ನೊಂದನ್ನು ಒತ್ತಿ ಹೇಳಬೇಕು: ಕುದುರೆಗೆ ಹೂವಿನ ಹಾರ ಹಾಕುವ ಆಸೆ ಇದ್ದರೆ ಅದರಲ್ಲಿ ಕಣಗಿಲೆ ಇರಬಾರದು. ಹೂವು, ಎಲೆ, ಒಣಗಿದ ಎಲೆ ಎಲ್ಲವೂ ಹೃದಯಕ್ಕೆ ವಿಷ. ಕತ್ತಿನ ಹಾರವನ್ನು ಕುದುರೆ ತಾನೇ ಬಾಗಿ ತಿನ್ನದಿದ್ದರೂ ಪಕ್ಕದ ಕುದುರೆ ಕಚ್ಚಿ ಎಳೆಯುತ್ತದೆ.

ಕೊಡುವಾಗ ಅಂಗೈಯನ್ನು ತಟ್ಟೆಯಂತೆ ಹರಡಿ, ಹೆಬ್ಬೆರಳನ್ನು ಪಕ್ಕಕ್ಕೆ ಒತ್ತಿ ಹಿಡಿಯಲು ಮಕ್ಕಳಿಗೆ ಕಲಿಸಿ. ಮೂತಿಯ ಕೆಳಗೆ ಏನಿದೆ ಎಂಬುದು ಕುದುರೆಗೆ ಕಾಣುವುದಿಲ್ಲ, ತುಟಿಯಿಂದಲೇ ತಡವಿ ತಿಳಿಯುತ್ತದೆ. ಎತ್ತಿ ಹಿಡಿದ ಬೆರಳು ಅದಕ್ಕೆ ಕ್ಯಾರೆಟ್ಟೇ. ಎರಡು ಕುದುರೆಗಳ ನಡುವೆ ನಿಂತು ಒಂದಕ್ಕೆ ಮಾತ್ರ ಕೊಡಬೇಡಿ, ಒದೆತ ಬೀಳುವುದು ಮಕ್ಕಳಿಗೆ.

ಹುಲ್ಲಿನ ಹೊರೆಯನ್ನು ಪ್ಲಾಸ್ಟಿಕ್ ದಾರದಲ್ಲಿ ಕಟ್ಟಬೇಡಿ, ಕರುಳಿಗೆ ಹೋದರೆ ಕಟ್ಟಿಕೊಳ್ಳುತ್ತದೆ. ಬಾಳೆನಾರು ಸಾಕು.