ಸಾವಿನ ಮಾತು ಬಾಡಿಗೆ ಪತ್ರದಲ್ಲಿತ್ತು

ನಿಮ್ಮ 'ಡಿಮೈಸ್ ಎಂಬ ಸಾವು' ಲೇಖನವನ್ನು ಎರಡು ಸಲ ಓದಿದೆ. ಹೀಗೇ ಇದ್ದರೆ ಹಾಕೋದಿಲ್ಲ. ತಿದ್ದಿ ಕೊಟ್ಟರೆ ಖಂಡಿತ ಹಾಕುತ್ತೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪು. ಸತ್ತವರು ನಮ್ಮ ಪಾಲಿಗೆ 'ಮಿಸ್' ಆಗುತ್ತಾರೆ, ಅದರಿಂದಲೇ ಇಂಗ್ಲಿಷಿನಲ್ಲಿ ಸಾವಿಗೆ 'ಡಿಮೈಸ್' (demise) ಅನ್ನೋ ಪದ ಬಂತು ಅಂತ ಬರೆದಿದ್ದೀರಿ. ಕೇಳೋಕೆ ಚೆಂದ, ಆದರೆ ಸುಳ್ಳು. ಪದ ಬಂದದ್ದು ಹಳೆಯ ಫ್ರೆಂಚಿನಿಂದ, ಅದರ ಬೇರು ಲ್ಯಾಟಿನ್ನಿನ 'ದಿಮಿತ್ತೆರೆ', ಅಂದರೆ ಕಳಿಸಿಬಿಡು, ಬಿಟ್ಟುಕೊಡು. ನೌಕರಿಯಿಂದ ಡಿಸ್‌ಮಿಸ್ ಮಾಡಿದರು ಅಂತೀವಲ್ಲ, ಅದೂ ಇದೇ ಬೇರಿನದು. ಇಂಗ್ಲಿಷಿಗೆ 15ನೇ ಶತಮಾನದಲ್ಲಿ ಬಂದಾಗ ಇದು ವಕೀಲರ ಮಾತಾಗಿತ್ತು: ಹೊಲ-ಮನೆಯ ಹಕ್ಕನ್ನು ಉಯಿಲಿನಿಂದಲೋ ಲೀಸಿನಿಂದಲೋ ಇನ್ನೊಬ್ಬರಿಗೆ ಕೊಡುವುದು. ಯಜಮಾನ ಸತ್ತಾಗಲೇ ತಾನೇ ಆಸ್ತಿ ಹೆಚ್ಚಾಗಿ ಕೈ ಬದಲಿಸೋದು, ಹಾಗಾಗಿ 18ನೇ ಶತಮಾನದ ಹೊತ್ತಿಗೆ ಸಾವಿಗೇ ಆ ಹೆಸರು ಅಂಟಿಕೊಂಡಿತು.

1936ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಎಡ್ವರ್ಡ್ ಪಟ್ಟ ಬಿಟ್ಟಾಗ ಅಲ್ಲಿನ ಕಾಯ್ದೆ ಅದನ್ನು 'ಡಿಮೈಸ್ ಆಫ್ ದ ಕ್ರೌನ್' ಅಂತಲೇ ಬರೆಯಿತು. ಆ ಮನುಷ್ಯ ಬದುಕಿದ್ದ, ತೀರಿಕೊಂಡದ್ದು 1972ರಲ್ಲಿ. ಕೈ ಬದಲಿಸಿದ್ದು ಕಿರೀಟ ಅಷ್ಟೇ. ಇಂಥದ್ದು ಬಿಟ್ಟು ಗುಂಪು ಗುಂಪು ಸಮಾನಾರ್ಥಕ ಪದ ಯಾಕೆ ಬೇಕಿತ್ತು?

ಖಡೇಬಜಾರಿನ ನಿಮ್ಮ ಅಂಗಡಿ ಬಾಡಿಗೆಯದು ಅಂತ ಪತ್ರದಲ್ಲಿ ತಿಳಿಸಿದ್ದೀರಿ. ಮನೆಯಲ್ಲಿ ಲೀಸ್ ಪತ್ರ ಇದ್ದರೆ ತೆಗೆದು ನೋಡಿ. ಇಂಗ್ಲಿಷಿನಲ್ಲಿದ್ದರೆ 'ಡಿಮೈಸ್ಡ್ ಪ್ರಿಮೈಸಸ್' ಅಂತ ಸಿಕ್ಕರೂ ಸಿಗಬಹುದು. ಸತ್ತ ಅಂಗಡಿ ಅಲ್ಲ ರೀ, ಲೀಸಿಗೆ ಕೊಟ್ಟ ಅಂಗಡಿ! ನಮ್ಮ ಆಫೀಸಿನ ಪತ್ರದಲ್ಲಿ ಆ ಮಾತು ಮೊದಲ ಸಲ ಕಂಡಾಗ, ಯಾರು ತೀರಿಕೊಂಡರು ಅಂತ ಮಾಲೀಕರನ್ನೇ ಕೇಳಿಬಿಟ್ಟಿದ್ದೆ. ಅವರು ಎದುರಿಗೇ ಕೂತು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡೀತಿದ್ದರು.

ಇನ್ನು ಭಾಷೆ. ನಿಧನ, ದೈವಾಧೀನ, ಲಿಂಗೈಕ್ಯ, ಸ್ವರ್ಗವಾಸಿ ಎಲ್ಲ ಒಂದೇ ಪುಟದಲ್ಲಿ, ಶ್ರದ್ಧಾಂಜಲಿ ಫ್ಲೆಕ್ಸ್ ಓದಿದ ಹಾಗಾಯ್ತು. ಆದರೆ ಮೂರನೇ ಪುಟದಲ್ಲಿ ಅಜ್ಜಿ ಫೋನಿನಲ್ಲಿ "ಮಣ್ಣ ಎಷ್ಟ ಗಂಟೆಕ್ಕ?" ಅಂತ ಕೇಳುತ್ತಾರಲ್ಲ, ಅಲ್ಲಿ ನಾನು ಓದೋದು ನಿಲ್ಲಿಸಿ ಒಂದು ನಿಮಿಷ ಸುಮ್ನೆ ಕೂತೆ. ಯಾರು ಹೋದರು, ಹೇಗೆ ಹೋದರು, ಏನೂ ಇಲ್ಲ, ಬಸ್ ಹಿಡಿಯೋಕೆ ಟೈಮ್ ಬೇಕು ಅಷ್ಟೇ. ಅದನ್ನು ಶುರುವಿಗೇ ತನ್ನಿ. ಬದುಕು ನೀರಿನ ಗುಳ್ಳೆ ಅನ್ನೋ ಕೊನೆಯ ಪುಟ ಪೂರ್ತಿ ಹೊಡೆದುಹಾಕಿ.

ಎರಡು ಪುಟಕ್ಕಿಂತ ಜಾಸ್ತಿ ಬೇಡ. ಲೀಸ್ ಪತ್ರ ಸಿಕ್ಕರೆ ಆ ಸಾಲನ್ನು ಇದ್ದ ಹಾಗೇ ಬರೆದುಕೊಂಡು ಬನ್ನಿ.