ಬಾಡಿಗೆ ಕೇಳಲು ಮುಜುಗರ, ಬಿಡಲೂ ಆಗದು

ಪ್ರಶ್ನೆ: ಗಂಡ ತೀರಿಕೊಂಡ ಮೇಲೆ ಎರಡು ಬಾಡಿಗೆ ಮನೆಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ನನ್ನ ಜೀವನಕ್ಕೆ ಅದೇ ಆಧಾರ. ಒಂದು ಮನೆಯವರು ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಆ ಮನೆಯ ಗಂಡಸಿಗೆ ಕೆಲಸ ಹೋಗಿದೆ. ಹೆಂಡತಿ ನನ್ನನ್ನು ಅಕ್ಕ ಎನ್ನುತ್ತಾಳೆ, ನಾನು ಮಲಗಿದ್ದಾಗ ಬಂದು ನೋಡಿಕೊಂಡವಳು. ಬಾತ್‌ರೂಮಿನ ಗೋಡೆ ಸೋರುತ್ತಿದೆಯಂತೆ. ಬಾಡಿಗೆ ಬರಲಿ, ಆಮೇಲೆ ಮಾಡಿಸೋಣ ಎಂದು ಸುಮ್ಮನಿದ್ದೇನೆ. ಕರೆಂಟ್ ತೆಗೆಸಿದರೆ ತಾವೇ ಖಾಲಿ ಮಾಡುತ್ತಾರೆ ಎನ್ನುತ್ತಾನೆ ಮಗ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ಕರೆಂಟ್ ಮಾತ್ರ ತೆಗೆಸಬೇಡಿ. ಕರೆಂಟ್, ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಇವನ್ನೆಲ್ಲ ಮಾಲೀಕರು ತಾವಾಗಿ ಮಾಡಲು ಬಹುತೇಕ ಕಡೆ ಕಾನೂನು ಒಪ್ಪುವುದಿಲ್ಲ. ನೋಟಿಸ್ ಕೊಡಬೇಕು, ಅದಕ್ಕೂ ಬಗ್ಗದಿದ್ದರೆ ಕೋರ್ಟಿಗೆ ಹೋಗಬೇಕು. ಇಲ್ಲವಾದರೆ ಬಾಕಿ ಬರಬೇಕಾದ ನೀವೇ ತಪ್ಪಿತಸ್ಥರಾಗಿ ನಿಲ್ಲುತ್ತೀರಿ.

ಸೋರುವ ಗೋಡೆಯನ್ನು ಈ ವಾರವೇ ಸರಿ ಮಾಡಿಸಿ. ಅದನ್ನು ಬಾಡಿಗೆಗೆ ಗಂಟು ಹಾಕಬೇಡಿ. ಗೋಡೆ ನಿಮ್ಮದು, ಅಲ್ವಾ? ತೇವ ಒಳಗಿಳಿದರೆ ಗಾರೆ ಉದುರುತ್ತದೆ, ಕಾಂಕ್ರೀಟಿನ ಕಂಬಿಗೆ ತುಕ್ಕು ಹಿಡಿಯುತ್ತದೆ, ವೈರಿಂಗ್‌ಗೆ ತಗುಲಿದರೆ ಜೀವಕ್ಕೇ ಅಪಾಯ. ಈಗ ಬರೀ ಪೈಪಿನ ಕೆಲಸ ಇರಬಹುದು, ಬಿಟ್ಟರೆ ಗೋಡೆಯನ್ನೇ ಒಡೆಸಬೇಕಾದೀತು. ನಾಳೆ ವಿಷಯ ಕೋರ್ಟಿಗೆ ಹೋದರೆ "ರಿಪೇರಿ ಮಾಡಿಸಲೇ ಇಲ್ಲ" ಎಂಬ ಮಾತು ಅವರ ಕೈಗೆ ಸಿಗುತ್ತದೆ. ಕೆಲಸಕ್ಕೆ ಮುಂಚೆ, ಆಮೇಲೆ ಫೋಟೊ ತೆಗೆದಿಡಿ.

ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಮೌನದ ಬಗ್ಗೆ. ನಾಲ್ಕು ತಿಂಗಳು ನೀವು ಕೇಳಿಲ್ಲ, ಅವರು ಹೇಳಿಲ್ಲ. ಅಕ್ಕನಿಗೆ ತೊಂದರೆಯಿಲ್ಲ ಎಂದೇ ಅವರು ಅಂದುಕೊಂಡಿರಬಹುದು. ಆ ಹಣದಲ್ಲೇ ನಿಮ್ಮ ಸಂಸಾರ ನಡೆಯುತ್ತದೆ ಎಂದು ನೀವು ಬಾಯಿಬಿಟ್ಟು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?

ಮಾತಾಡುವ ಮುಂಚೆ ಒಂದು ಲೆಕ್ಕ ಹಾಕಿ. ಅವರ ಅಡ್ವಾನ್ಸಿನಲ್ಲಿ ನಾಲ್ಕು ತಿಂಗಳ ಬಾಕಿ ಕಳೆದರೆ ಎಷ್ಟು ಉಳಿಯುತ್ತದೆ? ಮನೆ ಬಿಡುವಾಗಿನ ಬಾಕಿಗೆ, ಹಾನಿಗೆ ಇರಲಿ ಎಂದೇ ಆ ಹಣ ಇಟ್ಟುಕೊಳ್ಳುವುದು. ಅದು ಮುಗಿದ ಮೇಲೆ ಪ್ರತಿ ತಿಂಗಳೂ ನಿಮ್ಮ ಕೈಯಿಂದಲೇ ಹೋಗುತ್ತದೆ. ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ಎಷ್ಟು ದಿನ ಕಾಯಬಹುದು ಎಂಬುದೂ ಸ್ಪಷ್ಟವಾಗುತ್ತದೆ.

ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿ. ಕೆಲಸ ಸಿಗುವ ಸೂಚನೆ ಇದ್ದರೆ, ಮುಂದಿನ ಬಾಡಿಗೆ ಪೂರ್ತಿ ಕೊಡಲಿ, ಹಳೆ ಬಾಕಿಯನ್ನು ಕಂತಿನಲ್ಲಿ ತೀರಿಸಲಿ. ಸೂಚನೆಯೇ ಇಲ್ಲದಿದ್ದರೆ ಮನೆ ಬಿಡುವ ದಿನಾಂಕ ಗೊತ್ತು ಮಾಡಿಕೊಳ್ಳಿ. ಹೇಳಿದ ದಿನ ಬಿಟ್ಟರೆ ಬಾಕಿಯಲ್ಲಿ ಸ್ವಲ್ಪ ಮಾಫಿ ಮಾಡುತ್ತೇನೆ ಎನ್ನಿ. ಇದು ಸೋತಂತೆ ಕಾಣಬಹುದು. ಆದರೆ ಕೋರ್ಟು ಅಂತ ಅಲೆಯುವಾಗ ಬಾಡಿಗೆಯೂ ಇಲ್ಲ, ಮನೆಯೂ ಕೈಯಲ್ಲಿಲ್ಲ, ಮೇಲೆ ವಕೀಲರ ಫೀಸು. ಏನೇ ಒಪ್ಪಿಕೊಂಡರೂ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮಾತು ತಪ್ಪಿದರೆ ವಕೀಲರಿಗೆ ಕರಾರು ಪತ್ರ ತೋರಿಸಿ, ಅವರ ಮೂಲಕವೇ ನೋಟಿಸ್ ಕಳಿಸಿ.

ಆಕೆ ನಿಮ್ಮನ್ನು ನೋಡಿಕೊಂಡ ಋಣ ನಿಜವಾದದ್ದೇ. ಅದನ್ನು ಬಾಡಿಗೆ ಬಿಟ್ಟೇ ತೀರಿಸಬೇಕಿಲ್ಲ. ಆಕೆಯ ಗಂಡನಿಗೆ ಎಲ್ಲಾದರೂ ಕೆಲಸ ಸಿಗುತ್ತದೆಯೇ ಎಂದು ಗೊತ್ತಿರುವವರ ಬಳಿ ವಿಚಾರಿಸಿ, ಕಡಿಮೆ ಬಾಡಿಗೆಯ ಮನೆ ಹುಡುಕಿಕೊಡಿ.

ಮಗನಿಗೆ ಬಾಡಿಗೆಯ ಲೆಕ್ಕಪುಸ್ತಕ ಒಪ್ಪಿಸಿ. ಬಂದ ಹಣದಲ್ಲಿ ಒಂದಿಷ್ಟನ್ನು ರಿಪೇರಿಗೆಂದೇ ಬೇರೆ ಇಡಲಿ, ಇನ್ನೊಂದು ಮನೆಯ ಕರಾರಿನ ಅವಧಿ ಮುಗಿದಿದೆಯೇ ಎಂದೂ ನೋಡಲಿ.